ದುಡ್ಡಿಲ್ಲದೆ ಸಿಗುವ ಪಾಠಗಳು: ಹುಡುಕೋದು ಹೇಗೆ, ಬಳಸೋದು ಹೇಗೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಬೆಳ್ಳಿಹಬ್ಬದ ಸಭೆ ಅಂದ ಮೇಲೆ ನಿರ್ದೇಶಕರಾದವರು ಹಾಲಿನ ಲೆಕ್ಕ, ಬೋನಸ್ಸು, ಪಶು ಆಹಾರದ ಬೆಲೆ ಇವುಗಳ ಬಗ್ಗೆ ಮಾತಾಡೋದು ವಾಡಿಕೆ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನನಗೆ ಅಧ್ಯಕ್ಷರು ಒಪ್ಪಿಸಿದ ವಿಷಯ ಬೇರೆ. ನಮ್ಮ ಮಕ್ಕಳ ಓದಿಗೆ ದುಡ್ಡಿಲ್ಲದೆ, ಯಾರ ಹಂಗೂ ಇಲ್ಲದೆ, ಕಾನೂನಿಗೂ ವಿರೋಧವಾಗದೆ ಸಿಗುವ ಪುಸ್ತಕ, ಚಿತ್ರ, ವಿಡಿಯೋಗಳ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ಎಸ್ಸೆಸ್ಸೆಲ್ಸಿ ಓದಿದ ರೈತ ನಾನು. ಮೇಷ್ಟ್ರುಗಳು ಕೂತಿರೋ ಕಡೆ ಪಾಠದ ಬಗ್ಗೆ ಮಾತಾಡೋಕೆ ಅಳುಕು ಇದ್ದೇ ಇದೆ. ಆದರೆ ಈ ವಿಷಯದಲ್ಲಿ ನಾನು ದುಡ್ಡು ಕಳಕೊಂಡು ಕಲಿತವನು. ಅದಕ್ಕೇ ನನಗೆ ಹೇಳಿರಬೇಕು ಅಂತ ಕಾಣುತ್ತೆ.

ಆ ಕಥೆ ಮೊದಲು ಹೇಳಿಬಿಡ್ತೀನಿ. ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಟೈ ಕಟ್ಟಿಕೊಂಡ ಇಬ್ಬರು ಹುಡುಗರು ಮನೆಗೆ ಬಂದರು. ಜಗಲಿ ಮೇಲೆ ಕೂತು ಮಗೂಗೆ ಏಳೆಂಟು ಪ್ರಶ್ನೆ ಕೇಳಿದರು. ಕಷ್ಟದ ಪ್ರಶ್ನೆಗಳು, ಅದೂ ಇಂಗ್ಲಿಷಿನಲ್ಲಿ. ಮಗು ತಡವರಿಸಿತು. ಆಮೇಲೆ ನನ್ನ ಕಡೆ ತಿರುಗಿ, ಸಾರ್, ಈಗಲೇ ದಾರಿ ಮಾಡದಿದ್ರೆ ಹತ್ತನೇ ಕ್ಲಾಸಿಗೆ ಬಹಳ ಕಷ್ಟ ಅಂದರು. ನೆರೆಮನೆಯವರೆಲ್ಲ ನಿಂತು ನೋಡ್ತಿದ್ದಾರೆ. ಆ ಹೊತ್ತಿನಲ್ಲಿ ಯಾವ ಅಪ್ಪ ತಾನೆ ಬೇಡ ಅಂತಾನೆ? ಒಂದು ಟ್ಯಾಬು, ಅದರೊಳಗೆ ಪಾಠ, ತಿಂಗಳ ಕಂತು. ಎಲ್ಲಿ ಸಹಿ ಹಾಕು ಅಂದರೋ ಅಲ್ಲಿ ಹಾಕಿದೆ. ಅದು ಸಾಲದ ಪತ್ರ ಅಂತ ಗೊತ್ತಾಗಿದ್ದು ಮುಂದಿನ ತಿಂಗಳು ಹಾಲಿನ ಬಟವಾಡೆ ಬ್ಯಾಂಕಿಗೆ ಬಿದ್ದ ದಿನವೇ ಕಂತು ಮುರಿದುಕೊಂಡಾಗ.

ಪಾಠ ಎಲ್ಲ ಇಂಗ್ಲಿಷು. ನನ್ನ ಮಗಳದು ಕನ್ನಡ ಮಾಧ್ಯಮ. ಹದಿನೈದು ದಿನ ನೋಡಿದಳು, ಆಮೇಲೆ ಟ್ಯಾಬು ಬೀರು ಸೇರಿತು. ವಾಪಸ್ ತಗೊಳ್ಳಿ ಅಂತ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಹೆಣ್ಣು ದನಿ ಹೇಳೋದೇ ಹೊರತು ಮನುಷ್ಯರು ಸಿಗಲಿಲ್ಲ. ಹದಿನೆಂಟು ಕಂತೂ ಕಟ್ಟಿದೆ. ನಮ್ಮ ಗೌರಿ ಅನ್ನೋ ಹಸು ಆ ವರ್ಷ ಕೊಟ್ಟ ಹಾಲಿನ ದುಡ್ಡಿನಲ್ಲಿ ಬಹುಪಾಲು ಅದಕ್ಕೇ ಹೋಯಿತು. ಈ ಮಾತನ್ನು ಈವರೆಗೆ ಸಭೆಯಲ್ಲಿ ಹೇಳಿರಲಿಲ್ಲ, ನಾಚಿಕೆ. ಆಮೇಲೆ ವಿಚಾರಿಸಿದರೆ ಊರಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಇದೇ ಕಥೆ, ಅವರಿಗೂ ನನ್ನಂಗೇ ನಾಚಿಕೆ.

ಕಂತು ಇನ್ನೂ ನಡೀತಿದ್ದಾಗಲೇ ಒಂದು ದಿನ ಶಾಲೆಯ ವಿಜ್ಞಾನದ ಮೇಡಂ ಸಿಕ್ಕಿದರು. ಮಗಳ ಪಠ್ಯಪುಸ್ತಕ ತೆಗೆಸಿ, ಪಾಠದ ಪಕ್ಕದಲ್ಲಿ ಅಚ್ಚಾಗಿರೋ ಕಪ್ಪು ಚುಕ್ಕೆಗಳ ಚೌಕ ತೋರಿಸಿದರು. ಅಂಗಡಿಯಲ್ಲಿ ದುಡ್ಡು ಕೊಡೋಕೆ ಮೊಬೈಲು ಹಿಡೀತೀವಲ್ಲ, ಅಂಥದ್ದೇ ಕ್ಯೂಆರ್ ಕೋಡು. ದೀಕ್ಷಾ ಅನ್ನೋ ಆ್ಯಪಿನಿಂದ ಅದನ್ನು ಹಿಡಿದರೆ ಅದೇ ಪಾಠಕ್ಕೆ ಸಂಬಂಧಪಟ್ಟ ವಿಡಿಯೋ, ಪ್ರಶ್ನೆಗಳು ಬರುತ್ತವೆ. ಕನ್ನಡದಲ್ಲಿ. ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ 2017ರಲ್ಲಿ ಶುರು ಮಾಡಿದ್ದು, ರಾಜ್ಯಗಳೂ ಸೇರಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಪಾಠ ಹಾಕಿವೆ. ಒಂದು ಪೈಸೆ ಇಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ನನ್ನ ಬಾಳು. ಆ ಪುಸ್ತಕ ಎರಡು ವರ್ಷದಿಂದ ನಮ್ಮ ಮನೆಯ ಗೂಡಿನಲ್ಲೇ ಇತ್ತು ಸ್ವಾಮಿ!

ಈಗ ಎರಡನೇ ತಪ್ಪು ಹೇಳ್ತೀನಿ. ಇದು ನನ್ನೊಬ್ಬನದಲ್ಲ, ಸಂಘದ್ದು. ಮಕ್ಕಳಿಗೆ ಉಪಕಾರ ಮಾಡೋಣ ಅಂತ ಹೊರಟು, ಅಂಗಡಿಯಲ್ಲಿ ಮಾರೋ ಒಂದು ಗೈಡನ್ನು ತಂದು ಸಂಘದ ಜೆರಾಕ್ಸ್ ಯಂತ್ರದಲ್ಲಿ ನಲವತ್ತು ಪ್ರತಿ ತೆಗೆದು ಹಂಚಿದೆವು. ಕಾಗದದ ಖರ್ಚು ಮಾತ್ರ ಈಸ್ಕೊಂಡೆವು. ಗೈಡು ಮಾರೋ ಅಂಗಡಿಯವರಿಗೆ ಸುದ್ದಿ ಮುಟ್ಟಿ ಸಂಘದ ಬಾಗಿಲಿಗೇ ಬಂದರು. ಜಗಳ ಆಯಿತು. ನಮ್ಮಲ್ಲಿ ಕೆಲವರು ‘ನಾವೇನು ಲಾಭಕ್ಕೆ ಮಾರಿದ್ವಾ’ ಅಂತ ಕೂಗಾಡಿದರು. ಆದರೆ ಆ ಮನುಷ್ಯ ಹೇಳಿದ್ದೇ ಸರಿ. ಬರೆದವರಿಗೆ, ಅಚ್ಚು ಹಾಕಿದವರಿಗೆ ಹಕ್ಕು ಇದೆ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಬರೆದವರು ಬದುಕಿರೋವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಆ ಹಕ್ಕು ಇರುತ್ತೆ. ನಾವು ಹಾಲಿಗೆ ನೀರು ಬೆರೆಸಿದವರ ಹೆಸರನ್ನು ಬೋರ್ಡಿನ ಮೇಲೆ ಬರೀತೀವಿ, ಇಲ್ಲಿ ನಾವೇ ಇನ್ನೊಬ್ಬರ ಹಾಲು ಕರೆದುಕೊಂಡು ಬಂದಿದ್ದೆವು.

ಇಲ್ಲೊಂದು ಮಾತು, ಮೇಷ್ಟ್ರುಗಳು ಹೆದರಬೇಕಾಗಿಲ್ಲ. ಶಿಕ್ಷಕರು ಅಥವಾ ವಿದ್ಯಾರ್ಥಿ ಪಾಠದ ಕೆಲಸಕ್ಕೆ ನಕಲು ಮಾಡಿಕೊಳ್ಳೋದಕ್ಕೆ ಅದೇ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ದಾವೆ ಹೂಡಿದ್ದಾಗ ದೆಹಲಿ ಹೈಕೋರ್ಟು 2016ರಲ್ಲಿ ಈ ವಿನಾಯಿತಿಯನ್ನೇ ಎತ್ತಿ ಹಿಡಿಯಿತು. ಆದರೆ ಹಾಲಿನ ಸಂಘ ಶಾಲೆಯಲ್ಲ, ಇಡೀ ಗೈಡು ಅಚ್ಚು ಹಾಕಿ ಊರಿಗೆಲ್ಲ ಹಂಚೋದು ಪಾಠವೂ ಅಲ್ಲ.

ಆ ಜಗಳದಿಂದ ಒಂದು ಒಳ್ಳೇದಾಯಿತು. ‘ಬಿಟ್ಟಿ’ ಬೇರೆ, ‘ಮುಕ್ತ’ ಬೇರೆ ಅಂತ ತಿಳೀತು. ನಮಗೆಲ್ಲ ಅರ್ಥವಾಗೋ ಹಾಗೆ ಬಿತ್ತನೆ ಬೀಜದ ಮಾತಿನಲ್ಲೇ ಹೇಳ್ತೀನಿ. ಹೈಬ್ರಿಡ್ ಜೋಳದ ಬೀಜವನ್ನು ಕಂಪನಿಯವರು ಒಂದು ಸಲ ಸ್ಯಾಂಪಲ್ ಅಂತ ಬಿಟ್ಟಿ ಕೊಡಬಹುದು. ಬಿತ್ತಿದಿರಿ, ಬೆಳೆದಿರಿ. ಆದರೆ ಮುಂದಿನ ವರ್ಷ ಅದೇ ಕಾಳನ್ನು ಬಿತ್ತಿದರೆ ಬೆಳೆ ಹಾಗೇ ಬರಲ್ಲ, ಮತ್ತೆ ಅವರ ಅಂಗಡಿಗೇ ಹೋಗಬೇಕು. ಅದೇ ನಮ್ಮ ಜಿಪಿಯು-28 ರಾಗಿ ತಗೊಳ್ಳಿ. ಒಬ್ಬರ ಹೊಲದಲ್ಲಿ ಬೆಳೆದದ್ದನ್ನು ಪಕ್ಕದವರು ಎರಡು ಸೇರು ಈಸ್ಕೊಂಡು ಬಿತ್ತುತ್ತಾರೆ, ಅವರಿಂದ ಅವರ ಬೀಗರೂರಿಗೆ ಹೋಗುತ್ತೆ. ಕೊಟ್ಟವರಿಗೆ ಕಡಿಮೆಯಾಗಲಿಲ್ಲ, ತಗೊಂಡವರು ತಮ್ಮ ಹೊಲಕ್ಕೆ ಹೊಂದೋ ತೆನೆ ಆರಿಸಿ ಇಟ್ಟುಕೊಂಡರು. ರೈತ ತಾನು ಬೆಳೆದ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡಿನ ಹೆಸರು ಹಚ್ಚಿ ಮಾತ್ರ ಮಾರುವಂತಿಲ್ಲ ಅಂತ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ಹೇಳುತ್ತೆ. ಪಾಠ ಸಾಮಗ್ರಿಯಲ್ಲೂ ಎರಡು ಜಾತಿ. ನೋಡೋಕೆ ಮಾತ್ರ ಬಿಟ್ಟಿ ಇರೋದು ಒಂದು. ಇಟ್ಟುಕೊಳ್ಳೋಕೆ, ನಕಲು ತೆಗೆಯೋಕೆ, ಹಂಚೋಕೆ, ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳೋಕೆ ಬರೆದವರೇ ಮೊದಲೇ ಅಪ್ಪಣೆ ಬರೆದು ಕೊಟ್ಟಿರೋದು ಇನ್ನೊಂದು. ಈ ಎರಡನೇದಕ್ಕೆ ಮುಕ್ತ ಅನ್ನೋದು. ಯುನೆಸ್ಕೋದವರು 2002ರಲ್ಲಿ ಇದಕ್ಕೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಹೆಸರಿಟ್ಟರು.

ನಮ್ಮ ರಾಜ್ಯದ ಪಠ್ಯಪುಸ್ತಕಗಳನ್ನೇ ನೋಡಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತನೇ ತರಗತಿವರೆಗೂ ಪುಸ್ತಕಗಳು ಸಿಗುತ್ತವೆ. ಎನ್‌ಸಿಇಆರ್‌ಟಿಯವರದೂ ಹಾಗೇ. ಪುಸ್ತಕ ಕಳೆದುಹೋದ ಮಗು ಮೊಬೈಲಿನಲ್ಲಿ ಓದಿಕೊಳ್ಳಬಹುದು. ಆದರೆ ಅದನ್ನು ಅಚ್ಚು ಹಾಕಿಸಿ ಮಾರೋ ಹಕ್ಕು ನಮಗಿಲ್ಲ. ಯೂಟ್ಯೂಬಿನಲ್ಲಿ ಬರೋ ಬಹಳಷ್ಟು ವಿಡಿಯೋಗಳೂ ಹೀಗೇ, ನೋಡಬಹುದು ಅಷ್ಟೆ.

ಹಾಗಾದರೆ ಮುಕ್ತವಾದದ್ದು ಯಾವುದು ಅಂತ ಗುರುತು ಹಿಡಿಯೋದು ಹೇಗೆ? ದನಕ್ಕೆ ಕಿವಿಯೋಲೆ ಹಾಕಿದ ಹಾಗೆ ಇವಕ್ಕೂ ಒಂದು ಗುರುತು ಇರುತ್ತೆ. ಕ್ರಿಯೇಟಿವ್ ಕಾಮನ್ಸ್ ಅಂತ ಒಂದು ಸಂಸ್ಥೆ ಅಮೆರಿಕದಲ್ಲಿ 2001ರಲ್ಲಿ ಹುಟ್ಟಿತು. ಲಾರೆನ್ಸ್ ಲೆಸಿಗ್ ಅನ್ನೋ ಕಾನೂನು ಪ್ರಾಧ್ಯಾಪಕರು ಮತ್ತವರ ಜೊತೆಯವರು ಕಟ್ಟಿದ್ದು. ಬರೆದವರು ತಮ್ಮ ಹಕ್ಕನ್ನು ಬಿಟ್ಟುಕೊಡದೆಯೇ ‘ಇಷ್ಟಿಷ್ಟನ್ನು ನನ್ನನ್ನು ಕೇಳದೆ ಮಾಡಿಕೊಳ್ಳಿ’ ಅಂತ ಹೇಳೋಕೆ ಅವರು ಆರು ಬಗೆಯ ಪರವಾನಗಿ ಮಾಡಿಟ್ಟಿದ್ದಾರೆ. ಪುಸ್ತಕದ ಕೊನೇ ಪುಟದಲ್ಲೋ ಚಿತ್ರದ ಕೆಳಗೋ ಸಣ್ಣ ಸಣ್ಣ ವೃತ್ತಗಳು ಇರುತ್ತವೆ. ಒಂದು ವೃತ್ತದೊಳಗೆ ಎರಡು ‘ಸಿ’ ಅಕ್ಷರ ಇದ್ದರೆ ಇದೇ ಅಂತ ತಿಳೀರಿ. ಅದರ ಪಕ್ಕದ ವೃತ್ತದಲ್ಲಿ ಮನುಷ್ಯನ ಗೊಂಬೆ ಇದ್ದರೆ, ಬರೆದವರ ಹೆಸರು ಹಾಕಲೇಬೇಕು ಅಂತ. ಇದು ಆರರಲ್ಲೂ ಇರುತ್ತೆ. ಗುಂಡಗೆ ಸುತ್ತಿ ಬಂದ ಬಾಣ ಇದ್ದರೆ, ನೀವು ತಿದ್ದಿ ಹೊಸದು ಮಾಡಿದರೆ ಅದನ್ನೂ ಇದೇ ಷರತ್ತಿನಲ್ಲಿ ಊರಿಗೆ ಬಿಡಬೇಕು, ಒಳಗೆ ಹಾಕಿಕೊಂಡು ಬೀಗ ಹಾಕುವಂತಿಲ್ಲ. ಡಾಲರ್ ಗುರುತಿನ ಮೇಲೆ ಅಡ್ಡಗೆರೆ ಎಳೆದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಸಮ ಅಂತ ಲೆಕ್ಕದಲ್ಲಿ ಹಾಕೋ ಎರಡು ಗೆರೆ ಇದ್ದರೆ, ಇದ್ದ ಹಾಗೇ ಹಂಚಬಹುದು, ತಿದ್ದಿದ್ದನ್ನು ಹಂಚುವಂತಿಲ್ಲ. ಅಷ್ಟೇ. ಇಂಗ್ಲಿಷ್ ಬಾರದವರೂ ಚಿತ್ರ ನೋಡಿ ಹೇಳಬಹುದು. ನಮ್ಮ ಅಜ್ಜಿಗೆ ತೋರಿಸಿದೆ, ಒಂದೇ ದಿನಕ್ಕೆ ಕಲಿತರು.

ಈ ವ್ಯಾಪಾರ ಅನ್ನೋ ಮಾತಿನ ಮೇಲೆ ಆಡಳಿತ ಮಂಡಳಿಯಲ್ಲಿ ಎರಡು ಸಭೆ ಚರ್ಚೆ ಆಗಿದೆ. ಜೆರಾಕ್ಸ್ ಅಂಗಡಿಯವನು ಪುಟಕ್ಕೆ ಎರಡು ರೂಪಾಯಿ ತಗೊಳ್ತಾನಲ್ಲ, ಅದು ವ್ಯಾಪಾರ ಅಲ್ವಾ ಅಂತ. ಇದೇ ಪ್ರಶ್ನೆ ಅಮೆರಿಕದ ಕೋರ್ಟಿಗೂ ಹೋಗಿತ್ತು. ಅಲ್ಲಿ ಗಣಿತದ ಪಾಠಗಳನ್ನು ಈ ವ್ಯಾಪಾರ ಬೇಡ ಅನ್ನೋ ಪರವಾನಗಿಯಲ್ಲಿ ಬಿಟ್ಟಿದ್ದ ಒಂದು ಸಂಸ್ಥೆ, ಶಾಲೆಗಳು ಹೇಳಿದ್ದಕ್ಕೆ ಅವನ್ನು ನಕಲು ಮಾಡಿಕೊಟ್ಟು ಕೂಲಿ ತಗೊಂಡ ಜೆರಾಕ್ಸ್ ಕಂಪನಿಯ ಮೇಲೆ ದಾವೆ ಹಾಕಿತು. ಶಾಲೆ ತನ್ನ ಪಾಠಕ್ಕೆ ತೆಗೆಸಿಕೊಂಡಿದೆ, ಅಂಗಡಿಯವನದು ಬರೀ ಕೈಕೆಲಸ, ಆದ್ದರಿಂದ ತಪ್ಪಿಲ್ಲ ಅಂತ 2018ರಲ್ಲಿ ಮೇಲಿನ ಕೋರ್ಟು ಹೇಳಿತು. ಅದು ನಮ್ಮ ದೇಶದ ತೀರ್ಪಲ್ಲ, ಆದರೂ ನ್ಯಾಯ ಹೇಗೆ ನೋಡಬೇಕು ಅನ್ನೋದಕ್ಕೆ ಒಂದು ದಾರಿ. ಸಂಘದಲ್ಲಿ ನಾವು ಮಾಡಿಕೊಂಡ ಕಟ್ಟುಪಾಡು ಇಷ್ಟು: ಡಾಲರಿಗೆ ಗೆರೆ ಎಳೆದದ್ದನ್ನು ಕಾಗದದ ಖರ್ಚಿಗೆ ಮೇಲೆ ಒಂದು ರೂಪಾಯಿ ಇಟ್ಟೂ ಕೊಡೋದಿಲ್ಲ, ಅದರ ಪಕ್ಕದಲ್ಲಿ ಯಾರ ಜಾಹೀರಾತನ್ನೂ ಹಾಕೋದಿಲ್ಲ.

ಇನ್ನು ಎಲ್ಲೆಲ್ಲಿ ಏನೇನು ಸಿಗುತ್ತೆ ಅನ್ನೋದಕ್ಕೆ ಬರ್ತೀನಿ.

ಸಣ್ಣ ಮಕ್ಕಳಿರೋ ತಾಯಂದಿರು ಇದನ್ನು ಗಮನ ಇಟ್ಟು ಕೇಳಬೇಕು. ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಅಂತ ಒಂದು ಸಂಸ್ಥೆ ಇದೆ, 2004ರಲ್ಲಿ ಶುರುವಾದದ್ದು. ಮಕ್ಕಳ ಕಥೆ ಪುಸ್ತಕ ಮಾಡ್ತಾರೆ. ಅವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಜಾಲತಾಣ ತೆಗೆದರು. ಅದರಲ್ಲಿ ಕನ್ನಡದ ಕಥೆಗಳೇ ಬೇಕಾದಷ್ಟಿವೆ. ಓದೋ ಶಕ್ತಿಗೆ ತಕ್ಕಂತೆ ನಾಲ್ಕು ಮಟ್ಟ ಮಾಡಿದ್ದಾರೆ. ಮೊದಲನೇ ಮಟ್ಟದಲ್ಲಿ ಪುಟಕ್ಕೆ ಒಂದೋ ಎರಡೋ ಸಾಲು, ಬಾಕಿ ಎಲ್ಲ ಚಿತ್ರ. ನಾಲ್ಕನೇ ಮಟ್ಟಕ್ಕೆ ಬಂದರೆ ದೊಡ್ಡ ಕಥೆ. ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು. ಮನುಷ್ಯನ ಗೊಂಬೆ ಒಂದೇ ಗುರುತು, ಅಂದರೆ ಬರೆದವರ, ಚಿತ್ರ ಬಿಡಿಸಿದವರ, ಅನುವಾದ ಮಾಡಿದವರ ಹೆಸರು ಉಳಿಸಿಕೊಂಡರೆ ಸಾಕು.

ಕಳೆದ ಬೇಸಿಗೆಯಲ್ಲಿ ನಾವು ಹನ್ನೆರಡು ಕಥೆ ಆರಿಸಿ ಅಚ್ಚು ಹಾಕಿ, ದಾರದಲ್ಲಿ ಹೊಲಿದು ಅಂಗನವಾಡಿಗೆ, ಒಂದು ಎರಡನೇ ಕ್ಲಾಸಿಗೆ ಕೊಟ್ಟೆವು. ಹೊಲಿದಿದ್ದು ನಮ್ಮ ಸ್ತ್ರೀಶಕ್ತಿ ಗುಂಪಿನವರು. ಗೋಣಿಚೀಲ ಹೊಲಿಯೋ ಸೂಜಿಯಲ್ಲೇ ಹೊಲಿದರು, ಗಟ್ಟಿಯಾಗಿ ನಿಂತಿದೆ. ಆಗ ಒಂದು ತಮಾಷೆ ನಡೀತು. ಒಂದು ಕಥೆಯಲ್ಲಿ ಹಸು ಇರೋ ಜಾಗಕ್ಕೆ ‘ಗೋಶಾಲೆ’ ಅಂತ ಬರೆದಿತ್ತು. ಒಂದನೇ ಕ್ಲಾಸಿನ ಹುಡುಗ ಎದ್ದು ‘ಮೇಷ್ಟ್ರೇ, ಹಸೂನೂ ಸ್ಕೂಲಿಗೆ ಹೋಗುತ್ತಾ’ ಅಂತ ಕೇಳಿದ. ಎಲ್ಲರೂ ನಕ್ಕರು. ಆದರೆ ಮೇಷ್ಟ್ರು ನಕ್ಕು ಸುಮ್ಮನಾಗಲಿಲ್ಲ. ಗೋಶಾಲೆ ಹೊಡೆದು ‘ಕೊಟ್ಟಿಗೆ’ ಅಂತ ಮಾಡಿದರು, ಇನ್ನೂ ಆರೇಳು ಕಡೆ ನಮ್ಮ ಕಡೆಯ ಮಾತು ಹಾಕಿದರು. ಮೂಲ ಕಥೆ ಯಾರದು, ಇಲ್ಲಿ ಮಾತು ಬದಲಾಯಿಸಿದ್ದೇವೆ ಅಂತ ಕೊನೇ ಪುಟದಲ್ಲಿ ಬರೆದರು. ಹೊಸ ಪ್ರತಿ ಅಚ್ಚಾಯಿತು. ಮುಕ್ತ ಅನ್ನೋದರ ಬೆಲೆ ನನಗೆ ಪೂರ್ತಿ ತಿಳಿದಿದ್ದು ಆವತ್ತು. ಅಂಗಡಿಯಿಂದ ತಂದ ಪುಸ್ತಕದಲ್ಲಿ ಹೀಗೆ ಮಾತು ಬದಲಾಯಿಸಿ ಅಚ್ಚು ಹಾಕಿ ಹಂಚೋಕೆ ಆಗುತ್ತಾ? ಆಗಲ್ಲ.

ಹೈಸ್ಕೂಲಿನ ಮಕ್ಕಳಿಗೆ, ಅದಕ್ಕಿಂತ ಮುಖ್ಯವಾಗಿ ಶಿಕ್ಷಕರಿಗೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಒಂದು ತಾಣ ಇದೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಶುರು ಮಾಡಿದ್ದು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳನ್ನು ಸರ್ಕಾರಿ ಶಾಲೆ ಶಿಕ್ಷಕರೇ ಕನ್ನಡದಲ್ಲಿ ಬರೆದು ಹಾಕಿದ್ದಾರೆ. ಕೆಲವು ಪುಟ ಅರ್ಧಕ್ಕೇ ನಿಂತಿವೆ, ಅದನ್ನು ಮುಚ್ಚಿಡೋದು ಬೇಡ. ಪಠ್ಯ ಬದಲಾದ ಮೇಲೆ ಕೆಲವು ಪಾಠ ಹೊಂದುವುದೂ ಇಲ್ಲ. ಮೇಷ್ಟ್ರು ಮೊದಲು ನೋಡಿ ಆರಿಸಿಕೊಟ್ಟರೆ ಮಾತ್ರ ಉಪಯೋಗ.

ವಿಜ್ಞಾನಕ್ಕೆ ಫೆಟ್ ಅಂತ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರದು. ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಬಲ್ಬು, ತಂತಿ, ಬ್ಯಾಟರಿ ಎಲ್ಲ ಪರದೆ ಮೇಲೆ ಎಳೆದು ಜೋಡಿಸಿದರೆ ದೀಪ ಹತ್ತುತ್ತೆ. ಕನ್ನಡಕ್ಕೂ ಅನುವಾದ ಮಾಡಿದ್ದಾರೆ. ಕಂಪ್ಯೂಟರ್ ಕಲಿಯೋ ದೊಡ್ಡ ಮಕ್ಕಳಿಗೆ ಮುಂಬೈ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್, ಇದರಲ್ಲೂ ಕನ್ನಡದಲ್ಲಿ ಹೇಳಿಕೊಡೋ ಪಾಠಗಳಿವೆ. ಖಾನ್ ಅಕಾಡೆಮಿಯ ಗಣಿತವೂ ಕನ್ನಡದಲ್ಲಿ ಬಂದಿದೆ, ಡಾಲರಿಗೆ ಗೆರೆ ಎಳೆದ ಜಾತಿ ಅದು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರವಿಂದ ಗುಪ್ತ ಅವರದು. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದವರು. ಲಾರಿ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ, ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿ ಶಾಲೆಗಳಿಗೆ ವಿಜ್ಞಾನ ಕಲಿಸೋ ಕಾರ್ಯಕ್ರಮ ನಡೀತಿತ್ತಲ್ಲ, ಅಲ್ಲಿ ಹೋಗಿ ಇದ್ದರು. ಅಲ್ಲಿನ ಸಂತೆಯಲ್ಲಿ ಸಿಗೋ ಸಾಮಾನು ನೋಡಿಕೊಂಡು ಆಟಿಕೆ ಮಾಡಿದರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬು, ಇಷ್ಟೇ ಬಂಡವಾಳ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಜಾಲತಾಣದಲ್ಲಿ ನೂರಾರು ಆಟಿಕೆಗಳ ವಿಡಿಯೋ, ಪುಸ್ತಕಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೇರೆಯವರ ಪುಸ್ತಕಗಳೂ ಅಲ್ಲಿ ಇವೆ, ಅವನ್ನು ಅಚ್ಚು ಹಾಕೋ ಮುಂಚೆ ಹಕ್ಕು ಯಾರದು ಅಂತ ನೋಡಿಕೊಳ್ಳಬೇಕು.

ಒಂದು ಭಾನುವಾರ ಸಂಘದ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಿ ಇದನ್ನು ಮಾಡಿಸಿದೆವು. ವಾಲ್ವ್ ಟ್ಯೂಬನ್ನು ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ, ಎರಡು ಕಡೆಯಿಂದ ಕಡ್ಡಿ ತೂರಿಸಿದರೆ ಒಂದು ಕೀಲು. ಮೂರು ಕಡ್ಡಿಯಿಂದ ತ್ರಿಕೋನ ಮಾಡಿ ಮೂಲೆ ಹಿಡಿದು ತಳ್ಳಿ, ಅಲ್ಲಾಡಲ್ಲ. ನಾಲ್ಕು ಕಡ್ಡಿಯ ಚೌಕ ಮಾಡಿ ತಳ್ಳಿ, ಸೊಟ್ಟಗೆ ವಾಲಿಬಿಡುತ್ತೆ. ಅದೇ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಉದ್ದದ ಕಡ್ಡಿ ಕೊಟ್ಟರೆ ಗಟ್ಟಿಯಾಗುತ್ತೆ, ಯಾಕಂದ್ರೆ ಈಗ ಅದು ಎರಡು ತ್ರಿಕೋನ. ಹೀಗೆ ಆಡ್ತಾ ಆಡ್ತಾ ಏಳನೇ ಕ್ಲಾಸಿನ ಒಂದು ಹುಡುಗಿ ತಲೆ ಎತ್ತಿ ಛಾವಣಿ ನೋಡಿದಳು. ನಮ್ಮ ಹಾಲಿನ ಡೇರಿಯ ಶೀಟಿನ ಕೆಳಗೆ ಕಬ್ಬಿಣದ ಪಟ್ಟಿ ಹಾಕಿದ್ದಾರಲ್ಲ, ಅದು ಪೂರಾ ತ್ರಿಕೋನ. ‘ಓ, ಅದಕ್ಕೇ!’ ಅಂದಳು. ಈ ಛಾವಣಿ ಕೆಳಗೆ ಇಪ್ಪತ್ತು ವರ್ಷ ಹಾಲು ಹಾಕಿದ್ದೀನಿ, ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ. ಆ ಟ್ಯೂಬಿಗೆ ಆದ ಖರ್ಚು ಮೂವತ್ತು ರೂಪಾಯಿ. ನನ್ನ ಹದಿನೆಂಟು ಕಂತಿನ ನೆನಪಾಗಿ ಹೊಟ್ಟೆ ಉರಿಯಿತು.

ಓದಿ ತಿಳಿಯೋಕೆ ಅಂದ್ರೆ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದದ್ದು, ಈಗ 30 ಸಾವಿರಕ್ಕೂ ಮೇಲೆ ಲೇಖನಗಳಿವೆ. ಮೈಸೂರು ವಿಶ್ವವಿದ್ಯಾನಿಲಯದವರು 2014ರಲ್ಲಿ ತಮ್ಮ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂಥದ್ದೇ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಒಂದೊಂದು ಸಂಪುಟ ನೋಡೋಕೂ ಹಿಂದೆ ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕಿತ್ತು. ವಿಕಿಪೀಡಿಯದಲ್ಲಿ ತಪ್ಪುಗಳೂ ಇರುತ್ತವೆ, ಯಾರು ಬೇಕಾದರೂ ಬರೀತಾರೆ. ನಮ್ಮ ತಾಲ್ಲೂಕಿನ ಬಗ್ಗೆ ಓದಿದೆ, ಕೆರೆ ಇರೋ ದಿಕ್ಕೇ ತಪ್ಪಾಗಿತ್ತು. ತಿದ್ದೋಕೆ ನಮಗೂ ಅವಕಾಶ ಇದೆ ಅಂತ ನನ್ನ ಮಗಳು ಕೂತು ತಿದ್ದಿದಳು. ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್. ಈ ಸಂಚಿಕೆಗೆ ಒಂದು ಹಳ್ಳಿಕಾರ್ ಎತ್ತಿನ ಚಿತ್ರ ಬೇಕು ಅಂದಾಗ ಒಬ್ಬರು ಗೂಗಲ್ಲಿನಿಂದ ಯಾವುದೋ ಒಂದನ್ನು ಎತ್ತಿ ಹಾಕೋಣ ಅಂದರು. ಗೈಡಿನ ಜಗಳ ನೆನಪಿತ್ತಲ್ಲ, ಬೇಡ ಅಂದೆವು. ಗೂಗಲ್ಲಿನಲ್ಲಿ ಚಿತ್ರ ಹುಡುಕುವಾಗಲೂ ಬಳಕೆಯ ಹಕ್ಕು ಅಂತ ಒಂದು ಆಯ್ಕೆ ಇದೆ, ಅದರಲ್ಲಿ ಕ್ರಿಯೇಟಿವ್ ಕಾಮನ್ಸ್ ಅಂತ ಒತ್ತಿದರೆ ಅಂಥವೇ ಬರುತ್ತವೆ. ಯೂಟ್ಯೂಬಿನ ಹುಡುಕಾಟದಲ್ಲೂ ಹೀಗೇ ಸೋಸಬಹುದು.

ಹೆಸರು ಹಾಕೋದು ಅಂದೆನಲ್ಲ, ಅದಕ್ಕೆ ನಾಲ್ಕು ಬರೆದರೆ ಸಾಕು. ಅದರ ಹೆಸರೇನು, ಯಾರು ಮಾಡಿದ್ದು, ಎಲ್ಲಿಂದ ತಂದದ್ದು, ಯಾವ ಪರವಾನಗಿ. ನಾವು ಏನಾದರೂ ತಿದ್ದಿದ್ದರೆ ಅದನ್ನೂ. ಇದು ದಾಕ್ಷಿಣ್ಯದ ಮಾತಲ್ಲ, ಅದೇ ನಾವು ಕೊಡೋ ಬೆಲೆ. ದುಡ್ಡು ಕೇಳದವರು ಹೆಸರನ್ನಾದರೂ ಕೇಳಬೇಕಲ್ಲ.

‘ಇದೆಲ್ಲ ಸರಿ, ನಮ್ಮೂರಲ್ಲಿ ನೆಟ್‌ವರ್ಕೇ ಬರಲ್ವಲ್ಲ’ ಅಂತ ಹಿಂದೆ ಕೂತವರು ಗೊಣಗ್ತಿರೋದು ನನಗೆ ಕೇಳಿಸುತ್ತಿದೆ. ನಿಜ. ಮೇಗಳ ಕೇರಿಯಲ್ಲಿ ಮರ ಹತ್ತಿದರೆ ಮಾತ್ರ ಸಿಗುತ್ತೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ನಮ್ಮ ಮಕ್ಕಳು ಪಾಠ ಕೇಳೋಕೆ ಗುಡ್ಡದ ಮೇಲೆ ಹೋಗಿ ಕೂತಿದ್ದನ್ನು ನೀವೆಲ್ಲ ನೋಡಿದ್ದೀರಿ. ಮುಕ್ತ ಸಾಮಗ್ರಿಯ ದೊಡ್ಡ ಅನುಕೂಲ ಇಲ್ಲೇ ಇರೋದು. ಒಂದು ಸಲ ಇಳಿಸಿಕೊಂಡರೆ ಅದು ನಮ್ಮದು. ಕಿವಿಕ್ಸ್ ಅಂತ ಒಂದು ಆ್ಯಪ್ ಇದೆ, ಕನ್ನಡ ವಿಕಿಪೀಡಿಯ ಪೂರ್ತಿಯನ್ನೇ ಒಂದು ಕಡತವಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಸಂಘದ ಗಣಕಯಂತ್ರದಲ್ಲಿ ಅದನ್ನು, ಕಥೆ ಪುಸ್ತಕಗಳನ್ನು, ಆಟಿಕೆ ವಿಡಿಯೋಗಳನ್ನು ತುಂಬಿಸಿ ಇಟ್ಟಿದ್ದೀವಿ. ಮೆಮೊರಿ ಕಾರ್ಡ್ ತಂದರೆ ಹಾಕಿಕೊಡ್ತೀವಿ. ಬೀಜ ಈಸ್ಕೊಂಡು ಹೋದ ಹಾಗೆ, ನಿಮ್ಮಿಂದ ಇನ್ನೊಬ್ಬರಿಗೆ ಹೋದರೂ ಯಾರೂ ಬಂದು ಕೇಳಲ್ಲ.

ಒಂದು ಎಚ್ಚರಿಕೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತ ಮೊಬೈಲು ತುಂಬಿಸಿಕೊಳ್ಳಬೇಡಿ. ನಾನೂ ಮೊದಲಿಗೆ ಹಾಗೇ ಮಾಡಿದೆ, ಮುನ್ನೂರು ವಿಡಿಯೋ ತುಂಬಿದೆ, ಮಗಳು ನೋಡಿದ್ದು ಹನ್ನೊಂದು. ಮಗು ಎಲ್ಲಿ ತಡವರಿಸ್ತಿದೆ ಅಂತ ಮೇಷ್ಟ್ರನ್ನು ಕೇಳಿ, ಅಷ್ಟನ್ನು ಮಾತ್ರ ಹುಡುಕಿ. ಭಿನ್ನರಾಶಿ ಬಾರದ ಮಗೂಗೆ ಭಿನ್ನರಾಶಿಯ ಒಂದು ಪಾಠ. ಇನ್ನು ‘ಉಚಿತ, ಉಚಿತ’ ಅಂತ ಕೂಗಿ ಕೊನೆಗೆ ಫೋನ್ ನಂಬರು, ಬ್ಯಾಂಕ್ ಖಾತೆ ಕೇಳೋರು ಬಂದರೆ ಎದ್ದು ಬಾಗಿಲು ತೋರಿಸಿ. ನಾನು ಹೇಳಿದ ಯಾವ ಜಾಗದಲ್ಲೂ ಖಾತೆ ನಂಬರು ಕೇಳೋದಿಲ್ಲ.

ಹಾಲಿನ ಸಂಘಕ್ಕೆ ಈ ಉಸಾಬರಿ ಯಾಕೆ ಅಂತ ಕಳೆದ ಸರ್ವಸದಸ್ಯರ ಸಭೆಯಲ್ಲಿ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಸಹಕಾರಿ ಅಂಗಡಿ ತೆಗೆದವರು ನಮ್ಮ ಹಾಗೇ ಬಡವರು, ನೇಕಾರರು ಮತ್ತಿತರ ಕುಶಲಕರ್ಮಿಗಳು, 28 ಜನ. ಮುಂದೆ ಅವರು ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಓದು ಬರಹಕ್ಕೆ ಅಂತಲೇ ಎತ್ತಿಟ್ಟು, ಅಂಗಡಿಯ ಮೇಲೇ ವಾಚನಾಲಯ ಮಾಡಿಕೊಂಡರು. ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘದ ವಿಷಯ ನಿಮಗೆ ಗೊತ್ತೇ ಇದೆ. 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಪ್ಪಿಕೊಂಡ ಏಳು ಸಹಕಾರ ತತ್ವಗಳಲ್ಲಿ ಐದನೆಯದು ಶಿಕ್ಷಣವೇ. ನಾವು ಪ್ರತಿ ವರ್ಷ ಸಹಕಾರ ಶಿಕ್ಷಣ ನಿಧಿಗೆ ದುಡ್ಡು ಕಟ್ಟಿ ರಸೀದಿ ಫೈಲ್ ಮಾಡ್ತೀವಿ, ಅಲ್ಲಿಗೆ ಮುಗೀತು ಅಂತ ಕೂತಿದ್ದೆವು.

ಈಗ ಆಡಳಿತ ಮಂಡಳಿ ಒಪ್ಪಿರೋದು ಇಷ್ಟು. ಪ್ರತಿ ಭಾನುವಾರ ಬೆಳಗಿನ ಹಾಲು ಅಳೆದು ಕ್ಯಾನು ಲಾರಿಗೆ ಹೋದ ಮೇಲೆ, ಎಂಟೂವರೆಯಿಂದ ಹತ್ತೂವರೆವರೆಗೆ ಕೊಠಡಿ ತೆಗೆದಿರುತ್ತೆ. ವಿಜ್ಞಾನದ ಮೇಡಂ ತಿಂಗಳಿಗೆ ಎರಡು ಭಾನುವಾರ ಬರ್ತೀನಿ ಅಂತ ಒಪ್ಪಿದ್ದಾರೆ, ಬಾಕಿ ಎರಡು ಭಾನುವಾರ ಪಿಯುಸಿ ಓದ್ತಿರೋ ನಮ್ಮೂರ ಮಕ್ಕಳು ನೋಡಿಕೊಳ್ತಾರೆ. ಕಪ್ಪು ಬಿಳುಪು ಅಚ್ಚಿಗೆ ಕಾಗದದ ಖರ್ಚು ಕೊಡಬೇಕು, ಬಣ್ಣದ್ದು ಸದ್ಯಕ್ಕೆ ಇಲ್ಲ, ಆ ಯಂತ್ರದ ಶಾಯಿ ನಮ್ಮ ಮಿಶ್ರತಳಿ ಹಸುವಿನ ಮೇವಿಗಿಂತ ದುಬಾರಿ. ಸದಸ್ಯರಲ್ಲದವರ ಮಕ್ಕಳೂ ಬರಬಹುದು, ಅದಕ್ಕೆ ಯಾರೂ ತಕರಾರು ತೆಗೀಬಾರದು. ಬೆಂಕಿಪೊಟ್ಟಣ ಮನೆಯಿಂದ ತರೋ ಮಕ್ಕಳು ಕಡ್ಡಿಯ ಮದ್ದು ಕೆರೆದು ತನ್ನಿ. ಆ ಟ್ಯಾಬು ಇನ್ನೂ ನಮ್ಮ ಬೀರುವಿನಲ್ಲೇ ಇದೆ, ಅದನ್ನು ಸಂಘಕ್ಕೆ ಕೊಡ್ತಿದ್ದೀನಿ. ಹುಡುಗರು ಅದರೊಳಗಿದ್ದದ್ದನ್ನು ಅಳಿಸಿ ಕಥೆ ಪುಸ್ತಕ ತುಂಬಿದ್ದಾರೆ, ಚಾರ್ಜು ನಿಲ್ಲುತ್ತೆ. ಈ ಭಾನುವಾರದಿಂದಲೇ ಶುರು.